ಗುಡ್ಡದ ಹಾದಿ ಹಸನು ಮಾಡುವ ದ್ರಾಕ್ಷಾಯಣಿ

ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಮಾರ್ಗಶಿರದ ಚಳಿ. ಒಣಗಿ ನಿಂತ ಕರಡದ ಹುಲ್ಲಿನ ತುದಿಗಳಲ್ಲೆಲ್ಲ ಇಬ್ಬನಿ ಕೂತಿದೆ. ತಲೆಯ ಮೇಲೆ ಸೆರಗು ಹೊದ್ದು, ಅದರ ಮೇಲೊಂದು ಗಂಡಸರ ಮಫ್ಲರ್ ಬಿಗಿದುಕೊಂಡ ಹೆಣ್ಣುಮಗಳೊಬ್ಬರು ಹಾದಿಯ ನಡುವೆ ನಿಂತು ಒಂದು ಕಲ್ಲನ್ನು ಕಾಲಿನಿಂದ ಒತ್ತಿ ನೋಡುತ್ತಿದ್ದಾರೆ. ಕಲ್ಲು ಅಲುಗುತ್ತದೆ. ಬಗ್ಗಿ ಅದನ್ನು ಎರಡೂ ಕೈಯಿಂದ ಎತ್ತಿ ಬದಿಗಿಡುತ್ತಾರೆ. ಅದು ಕೂತಿದ್ದ ಗುಳಿಗೆ ಸಣ್ಣ ಹರಳು ಸುರಿದು, ತುಳಿದು ಗಟ್ಟಿ ಮಾಡಿ, ಮುಂದಿನ ಕಲ್ಲಿಗೆ ಹೋಗುತ್ತಾರೆ.

ಇವರು ದ್ರಾಕ್ಷಾಯಣಿ. ವಯಸ್ಸು ನಲವತ್ತೆಂಟು. ಕಸುಬು ನೇಕಾರಿಕೆ. ಆದರೆ ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ, ಸಂಕ್ರಾಂತಿ ದಾಟುವ ತನಕ, ಊರಿನವರಿಗೆ ಇವರು ‘ಗುಡ್ಡದಕ್ಕ’. ಆ ದಿನಗಳಲ್ಲಿ ಭಾನುವಾರ ಬೆಳಗ್ಗೆ ಗದಗ, ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಜನ ಗುಡ್ಡ ನಡೆಯಲು ಬರುತ್ತಾರೆ. ಅವರನ್ನು ಮೇಲಕ್ಕೆ ಕರೆದುಕೊಂಡು ಹೋಗಿ, ಕೆಳಕ್ಕೆ ತಂದು ಬಿಡುವುದು ಇವರ ಕೆಲಸ. ಬರುವವರು ನೋಡುವುದು ಅಷ್ಟನ್ನೇ. ಹಿಂದಿನ ದಿನ ಇವರು ಒಬ್ಬರೇ ಬಂದು ಹಾದಿಯನ್ನು ಅಂಗಳದಂತೆ ಹಸನು ಮಾಡಿ ಹೋಗಿರುತ್ತಾರೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂದು ಶನಿವಾರ. ಇವತ್ತಿನ ತಯಾರಿಯಲ್ಲಿ ಎಂದಿಗಿಂತ ಹೆಚ್ಚು ಜಾಗ್ರತೆ ಇದೆ.

“ನಾಳೆ ಬರೋರು ಹೊರಗಿನ ಮಂದಿ ಅಲ್ರಿ, ನಮ್ಮ ಓಣಿಯವರ,” ಎನ್ನುತ್ತಾರೆ, ಬಾಗಿದ ಸೀತಾಫಲದ ಟೊಂಗೆಯನ್ನು ಹಾದಿಯಿಂದ ಹೊರಳಿಸಿ ಹಗ್ಗದಿಂದ ಕಟ್ಟುತ್ತ. “ಎಲ್ಲಾರೂ ಮಗ್ಗದ ಹೆಣ್ಮಕ್ಳು. ಹುಟ್ಟಿದಾಗಿಂದ ಈ ಗುಡ್ಡ ನೋಡ್ಯಾರ. ಒಬ್ಬರೂ ಮ್ಯಾಲ ಬಂದಿಲ್ಲ. ಮೊಣಕಾಲ ಯಾರದೂ ಧಡ ಇಲ್ಲ. ಅದಕ್ಕs ಒಂದೊಂದು ಕಲ್ಲೂ ಮಾತಾಡಿಸಿ ಹೊಂಟೀನಿ.”

ಟೊಂಗೆಯನ್ನು ಕಡಿಯಬಹುದಿತ್ತಲ್ಲ ಎಂದರೆ ನಗುತ್ತಾರೆ. “ಮುಂದಿನ ವರ್ಷ ಹಣ್ಣ ತಿನ್ನೂದು ಬ್ಯಾಡೇನ್ರಿ?”

* * *

ದ್ರಾಕ್ಷಾಯಣಿ ಹುಟ್ಟಿದ್ದು ಅಬ್ಬಿಗೇರಿಯಲ್ಲಿ, ಕಪ್ಪುಮಣ್ಣಿನ ಎರಿಹೊಲದ ಒಕ್ಕಲು ಮನೆತನದಲ್ಲಿ. ಸುಗ್ಗಿಯ ಕಾಲಕ್ಕೆ ಜೋಳದ ಸಾಲುಗಳ ನಡುವೆ ಓಡಾಡಿ ಬೆಳೆದ ಹುಡುಗಿ. ಹನುಮಂತಪ್ಪ ಅವರನ್ನು ಮದುವೆಯಾಗಿ ಗಜೇಂದ್ರಗಡದ ನೇಕಾರರ ಓಣಿಗೆ ಬಂದಾಗ ಮಗ್ಗವನ್ನು ಹತ್ತಿರದಿಂದ ನೋಡಿದ್ದೂ ಇರಲಿಲ್ಲ. ಕಲಿಸಿದವರು ಎದುರು ಮನೆಯ ಕಾಶಿಬಾಯಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಕೂತಲ್ಲೇ ಕೂತು ಲಾಳಿ ಎಸೆಯುವ ಕೆಲಸ. ಕೈ ಬಲು ಬೇಗ ಹದಕ್ಕೆ ಬಂತು. ಪಟ್ಟೇದಂಚಿನ ಸೀರೆ ನೇಯುವಲ್ಲಿ ಓಣಿಯಲ್ಲೇ ಹೆಸರಾಯಿತು.

ಇಪ್ಪತ್ತು ವರ್ಷ ದಾಟಿದ ಮೇಲೆ ಕಾಲುಗಳು ಮುನಿಸಿಕೊಂಡವು. ಮೊದಮೊದಲು ಜೋಮು ಹಿಡಿಯುವುದು, ಆಮೇಲೆ ಪಾದ ನೆಲಕ್ಕೆ ತಾಗಿದ್ದೇ ತಿಳಿಯದಿರುವುದು. ಒಂದು ಮಧ್ಯಾಹ್ನ ಊಟಕ್ಕೆಂದು ಮಗ್ಗದಿಂದ ಎದ್ದವರು ನೇಯ್ದ ಸೀರೆಯ ಮೇಲೇ ಕುಸಿದುಬಿದ್ದರು. ದವಾಖಾನೆಯಲ್ಲಿ ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ನಡೆಯದಿದ್ದರೆ ಈ ಕಾಲು ನಿಮ್ಮ ಮಾತು ಕೇಳುವುದಿಲ್ಲ ಎಂದು ಹೇಳಿ ಕಳಿಸಿದರು.

“ನಡೀರಿ ಅಂದ್ರು. ಎಲ್ಲಿ ನಡೀಬೇಕ್ರಿ?” ಎಂದು ದ್ರಾಕ್ಷಾಯಣಿ ಕೇಳುತ್ತಾರೆ. “ಓಣ್ಯಾಗ ಹೊಂಟ್ರ, ಎಲ್ಲಿಗೆ ಹೊಂಟಿ ಅಂತಾರ. ಬಜಾರಕ್ಕ ಹೋದ್ರ, ಏನು ತರಾಕ ಬಂದಿ ಅಂತಾರ. ಸುಮ್ಮ ನಡ್ಯಾಕ ಬಂದೀನಿ ಅಂದ್ರ ನಗತಾರ. ಗುಡ್ಡ ಏನೂ ಕೇಳಂಗಿಲ್ಲ ನೋಡ್ರಿ. ಅದಕ್ಕ ಇತ್ತಾಗ ಬಂದೆ.”

ಮೊದಲ ದಿನ ಬುಡದ ಬೇವಿನಮರದ ತನಕ ಬಂದು, ಅಲ್ಲೇ ಕೂತು, ಅತ್ತು ಹಿಂದಿರುಗಿದರು. ಮರುದಿನ ಮತ್ತೆ ಬಂದರು. ಆ ಬೇವಿನಮರವನ್ನು ದಾಟಲು ಒಂದು ತಿಂಗಳು ಹಿಡಿಯಿತು. ಗುಡ್ಡದ ನೆತ್ತಿ ಮುಟ್ಟುವ ಹೊತ್ತಿಗೆ ಬೇಸಿಗೆ ಹೋಗಿ ಮಳೆಗಾಲ ಬಂದಿತ್ತು.

ಓಣಿಯ ಬಾಯಿ ಸುಮ್ಮನಿರಲಿಲ್ಲ. ಹನುಮಂತಪ್ಪನ ಹೆಂಡತಿ ಬೆಳಕು ಹರಿಯುವ ಮುಂಚೆ ಗುಡ್ಡ ಹತ್ತುತ್ತಾಳೆ ಎಂಬ ಮಾತು ಕಟ್ಟೆಯಿಂದ ಕಟ್ಟೆಗೆ ಹೋಯಿತು. ಹನುಮಂತಪ್ಪ ಸಿಟ್ಟಿನ ಮನುಷ್ಯರಲ್ಲ, ಮಾತಿನವರೂ ಅಲ್ಲ. “ಮಂದಿ ಏನಂತಾರ?” ಎಂದು ಒಂದೇ ಸಲ ಕೇಳಿದರು. “ಮಂದಿ ನನ್ನ ಕಾಲಾಗ ನಡ್ಯಾಂಗಿಲ್ರಿ,” ಎಂದರು ಹೆಂಡತಿ. ಅಲ್ಲಿಗೆ ಆ ಮಾತು ನಿಂತಿತು. ಗಂಡ ಮತ್ತೆ ಬೇಡ ಎನ್ನಲಿಲ್ಲ. ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ ಎಂದೂ ಕೇಳಲಿಲ್ಲ. ಗುಡ್ಡದ ಸುದ್ದಿ ಆ ಮನೆಯಲ್ಲಿ ಎಂದೂ ಊಟದ ತಾಟಿನ ತನಕ ಬರಲಿಲ್ಲ. ದ್ರಾಕ್ಷಾಯಣಿಗೆ ಬೈಗುಳಕ್ಕಿಂತ ಈ ಮೌನವೇ ಭಾರವಾಗಿತ್ತು.

ನರಗುಂದದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಜಯಂತ ಅವರಿಗೆ ಬಿಡುವಿನಲ್ಲಿ ಗೆಳೆಯರನ್ನು ಕೂಡಿಸಿ ಗುಡ್ಡ ತಿರುಗುವ ಹವ್ಯಾಸ. ಒಂದು ಚಳಿಗಾಲ ಅವರ ತಂಡ ಎದೆಮಟ್ಟದ ಕರಡದಲ್ಲಿ ಇಳಿಯುವ ದಾರಿ ತಪ್ಪಿ ನಿಂತಿದ್ದಾಗ, ಬುತ್ತಿಗಂಟು ಹಿಡಿದು ಎದುರಾದವರು ದ್ರಾಕ್ಷಾಯಣಿ. ಗಂಟಿನಲ್ಲಿದ್ದ ರೊಟ್ಟಿ, ಗುರೆಳ್ಳು ಚಟ್ನಿಯನ್ನು ಎಲ್ಲರಿಗೂ ಹಂಚಿ, ಮುಂದೆ ನಡೆದು ಊರು ಮುಟ್ಟಿಸಿದರು. ಪ್ರತಿ ಚಳಿಗಾಲಕ್ಕೂ ನಮ್ಮ ಮುಂದೆ ನಡೆಯುತ್ತೀರಾ ಎಂದು ಜಯಂತ ಕೇಳಿದಾಗ ಮೊದಲು ಒಲ್ಲೆ ಎಂದರು. ನಾಲ್ಕು ಜನರೆದುರು ಮಾತಾಡಿ ಗೊತ್ತಿಲ್ಲ ಎಂಬ ಅಂಜಿಕೆ. “ನೀವು ಮಾತಾಡಬ್ಯಾಡ್ರಿ ಅಕ್ಕಾರ, ಮುಂದ ನಡೀರಿ ಸಾಕು,” ಎಂದರು ಜಯಂತ. ಹಾಗೆ ಶುರುವಾದದ್ದು ಇದು.

ಈಗ ಮಾತಿಗೇನೂ ಕೊರತೆಯಿಲ್ಲ. ಪ್ರತಿ ಶನಿವಾರ ಬರುವವರ ಮೊಬೈಲಿಗೆ ಅವರ ಧ್ವನಿ ಹೋಗುತ್ತದೆ: “ಹತ್ತಿ ಅರಿವಿ ಹಾಕ್ಕೊಂಡು ಬರ್ರಿ. ತುಂಬುತೋಳು ಇರಲಿ. ಹೊಸಾ ಬೂಟ ಬ್ಯಾಡ, ಕಚ್ಚತಾವ. ಸೆಂಟ್ ಹೊಡಕೊಂಡು ಬರಬ್ಯಾಡ್ರಿ, ಇಲ್ಲೆ ನಿಮ್ಮನ್ನ ಮೂಸೋರು ಯಾರೂ ಇಲ್ಲ, ಜೇನಹುಳ ಬಿಟ್ರ.”

* * *

ಆ ಜೇನೇ ಈ ಶನಿವಾರ ಹಾದಿಗೆ ಅಡ್ಡ ನಿಂತಿದೆ.

ಅರ್ಧ ಗುಡ್ಡ ಏರಿದರೆ ಹಾದಿಯ ಮೇಲೆ ಚಪ್ಪರದಂತೆ ಬಾಗಿದ ಒಂದು ಬಂಡೆ ಸಿಗುತ್ತದೆ. ಅದರ ಕೆಳಗೆ ಹಾದು ಹೋಗದೆ ಮೇಲೆ ಮುಟ್ಟುವಂತಿಲ್ಲ. ದ್ರಾಕ್ಷಾಯಣಿ ಬಂಡೆಗೆ ಇನ್ನೂ ದೂರ ಇರುವಾಗಲೇ ನಿಲ್ಲುತ್ತಾರೆ. ಸದ್ದು ಕೇಳಿಸಿದೆ. ಕತ್ತೆತ್ತಿ ನೋಡಿದರೆ ಹೋದ ವಾರ ಬರಿದಾಗಿದ್ದ ಬಂಡೆಯ ಹೊಟ್ಟೆಗೆ ಮೊರದಗಲದ ಕಪ್ಪು ಹುಟ್ಟು ಜೋತುಬಿದ್ದಿದೆ. ಹೆಜ್ಜೇನು. ಕೆಳಗಿನ ಹೊಲಗಳಲ್ಲಿ ಕುಸುಬಿ, ಸೂರ್ಯಕಾಂತಿ ಹೂಬಿಡುವ ದಿನಗಳಲ್ಲಿ ಅವು ಹೀಗೆ ಬಂದು ಬೀಡುಬಿಡುವುದುಂಟು. ಸುಮ್ಮನೆ ಬೆನ್ನು ತಿರುಗಿಸಿ, ಸದ್ದಿಲ್ಲದೆ ಹೆಜ್ಜೆಯಿಟ್ಟು ಕೆಳಗಿಳಿದು, ಒಂದು ಕಲ್ಲಿನ ಮೇಲೆ ಕೂರುತ್ತಾರೆ. ಬೆಳಗಿನಿಂದ ಇದ್ದ ಉಮೇದು ಮುಖದಿಂದ ಇಳಿದುಹೋಗಿದೆ.

ಜಯಂತ ಅವರಿಗೆ ಫೋನು ಮಾಡುತ್ತಾರೆ. ಆ ಕಡೆಯಿಂದ ತಕ್ಷಣದ ಉತ್ತರ ಬರುತ್ತದೆ: “ಬ್ಯಾಡ್ರಿ ಅಕ್ಕಾರ, ಮುಂದ ಹಾಕೂಣು. ಜೀವಕ್ಕಿಂತ ಹೆಚ್ಚಿಂದು ಏನೈತಿ?”

“ಕಾಶಿಬಾಯಿ ಅವ್ವಾರಿಗೆ ಏನ ಹೇಳ್ಲಿ?” ಎನ್ನುತ್ತಾರೆ ದ್ರಾಕ್ಷಾಯಣಿ.

ಕಾಶಿಬಾಯಿಯ ಕಣ್ಣಿನ ಸ್ಥಿತಿಯನ್ನು ಮೊದಲು ಕಂಡುಹಿಡಿದವರೇ ಜಯಂತ. ಕನ್ನಡಕ ಬದಲಿಸಬೇಕೆಂದು ಅಂಗಡಿಗೆ ಬಂದಿದ್ದ ಎಪ್ಪತ್ತು ದಾಟಿದ ಮುದುಕಿಯನ್ನು, ಇದು ಕನ್ನಡಕದಿಂದ ಹೋಗುವುದಲ್ಲ ಎಂದು ಹೇಳಿ ಹುಬ್ಬಳ್ಳಿಗೆ ಕಳಿಸಿದ್ದರು. ಕಣ್ಣಿನ ನರ ಸೊರಗುತ್ತಿದೆ, ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಔಷಧದಿಂದ ಹಿಡಿದಿಡಲು ನೋಡೋಣ ಎಂದಿದ್ದರು ಅಲ್ಲಿಯ ವೈದ್ಯರು. ಈಗ ಕಾಶಿಬಾಯಿಗೆ ಎದುರಿನದು ಮಾತ್ರ ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಬರುವ ವಾರ ಸೊಲ್ಲಾಪುರದ ಮಗಳ ಮನೆಗೆ ಹೊರಟಿದ್ದಾರೆ. ಮುಂದಿನ ಚಿಕಿತ್ಸೆ ಅಲ್ಲಿಯೇ. ತಿರುಗಿ ಬರುವುದು ಬೇಸಿಗೆ ಕಳೆದ ಮೇಲೆ. ಅಷ್ಟರೊಳಗೆ ನೋಟ ಎಷ್ಟು ಉಳಿದಿರುತ್ತದೋ ಯಾರಿಗೂ ಗೊತ್ತಿಲ್ಲ.

ದೀಪಾವಳಿಯ ಹೊತ್ತಿಗೆ ಒಂದು ಸಂಜೆ ಅವರಾಗಿಯೇ ರಸ್ತೆ ದಾಟಿ ದ್ರಾಕ್ಷಾಯಣಿಯ ಮನೆಗೆ ಬಂದಿದ್ದರು. “ಏ ಹುಡುಗಿ, ಊರ ಮಂದೀನೆಲ್ಲ ಗುಡ್ಡಕ್ಕ ಕರಕೊಂಡು ಹೋಗ್ತಿ. ನನ್ನ ಒಮ್ಮೆ ಕರಕೊಂಡು ಹೋಗಬಾರದೇನs? ನನ್ನ ಮನಿ ಮ್ಯಾಲಿಂದ ಹ್ಯಾಂಗ ಕಾಣತೈತಿ, ಕಣ್ಣಿರೂದ್ರಾಗ ನೋಡಬೇಕು,” ಎಂದಿದ್ದರು. ಅವರು ಹೊರಟರೆಂದು ತಿಳಿದು ಓಣಿಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ನಾವೂ ಬರುತ್ತೇವೆ ಎಂದರು. ಭಾನುವಾರದ ನಡಿಗೆ ಹುಟ್ಟಿದ್ದು ಹೀಗೆ.

“ಇವತ್ತ ಸಂಜಿತನಕ ಟೈಮ್ ಕೊಡ್ರಿ,” ಎಂದು ಹೇಳಿ ದ್ರಾಕ್ಷಾಯಣಿ ಫೋನು ಇಡುತ್ತಾರೆ.

ಗುಡ್ಡದ ಮೂಡಣ ಮಗ್ಗುಲಲ್ಲಿ ಕುರಿ ಮೇಯಿಸುವ ನೀಲಪ್ಪ ಸಿಗುತ್ತಾರೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ವಿಷಯ ಕೇಳಿ ಕೋಲೆತ್ತಿ ಗುಡ್ಡದತ್ತ ತೋರಿಸುತ್ತಾರೆ.

“ಕುರಿ ಹಾದಿ ಒಂದೈತಿ ಯಕ್ಕಾ. ಸುತ್ತ ಆಗತೈತಿ, ಖರೇ ಏರು ಕಡಿಮಿ. ಎರಡು ವರ್ಷಾತು, ನಾವೂ ಅತ್ತಾಗ ಹೊಡದಿಲ್ಲ. ಜಾಲಿ ಬೆಳದು ಮುಚ್ಚೇತಿ ನೋಡು.”

“ಜೇನು?”

“ಆ ಮಗ್ಗಲಕ ಅಂಥಾ ಬಂಡೆಗಲ್ಲ ಇಲ್ಲ, ಜೇನೂ ಇಲ್ಲ. ಮ್ಯಾಲ ಹೋದ್ರ ಒಂದು ಕಲ್ಲ ಐತಿ, ಆಳೆತ್ತರದ್ದು. ಕುರಿ ಜಿಗೀತಾವ. ನಿಮ್ಮ ಮುದಕಿ ಜಿಗೀತಾಳೇನ?”

ಇಬ್ಬರೂ ಆ ಹಾದಿಯನ್ನು ಹುಡುಕಿ ಹೊರಡುತ್ತಾರೆ. ಹಾದಿ ಇದೆಯೆನ್ನುವುದು ನೀಲಪ್ಪನಿಗೆ ಗೊತ್ತು, ಅಷ್ಟೆ. ಕಣ್ಣಿಗೆ ಕಾಣುವುದು ಬರೀ ಜಾಲಿ ಮತ್ತು ಪಾಪಾಸುಕಳ್ಳಿ. ದ್ರಾಕ್ಷಾಯಣಿ ಕುಡಗೋಲು ತೆಗೆಯುತ್ತಾರೆ.

ಸ್ವಲ್ಪ ಹೊತ್ತಿಗೆ ಟಂಟಂ ಗಾಡಿ ಓಡಿಸುವ ಇರ್ಫಾನ ಬರುತ್ತಾರೆ. ಪ್ರತಿ ಶನಿವಾರ ನೀರಿನ ಕ್ಯಾನುಗಳನ್ನು ಗುಡ್ಡದ ಬುಡಕ್ಕೆ ತಂದು ಇಳಿಸುವವರು ಅವರೇ. ಇಂದು ಕ್ಯಾನು ಇಳಿಸಿದವರು ಹಿಂದಿರುಗುವುದಿಲ್ಲ. ಗಾಡಿಯಲ್ಲಿದ್ದ ಕೊಡಲಿ ಹಿಡಿದು, “ಅಕ್ಕಾರ, ಬಾಡಿಗಿ ನಾಳೀಗೂ ಸಿಗತೈತಿ,” ಎಂದು ಹೇಳಿ ಮುಳ್ಳಿನೊಳಗೆ ನುಗ್ಗುತ್ತಾರೆ. ಹಾಗೆ ಮೂವರು ಕೂಡಿ ಕಡಿಯುತ್ತಾರೆ. ಬಿಸಿಲು ನೆತ್ತಿಗೆ ಬರುತ್ತದೆ. ಕೈಗಳೆಲ್ಲ ಗೀರು. ಕಡಿದದ್ದನ್ನು ತಿರುಗಿ ನೋಡಿದರೆ ಇನ್ನೂ ಅರ್ಧ ಹಾದಿಯೂ ಆಗಿಲ್ಲ.

ಆಗ ಕೆಳಗಿನಿಂದ ಒಬ್ಬರು ನಿಧಾನಕ್ಕೆ ಏರಿ ಬರುವುದು ಕಾಣುತ್ತದೆ. ಬಿಳಿ ಅಂಗಿ, ಮಡಚಿ ಕಟ್ಟಿದ ಧೋತರ, ಕಾಲಲ್ಲಿ ಮನೆಯ ಹವಾಯಿ ಚಪ್ಪಲಿ. ಹನುಮಂತಪ್ಪ. ಗುಡ್ಡದ ಬುಡದಲ್ಲೇ ಹುಟ್ಟಿ ಬೆಳೆದರೂ ದೊಡ್ಡವರಾದ ಮೇಲೆ ಒಮ್ಮೆಯೂ ಇತ್ತ ಕಾಲಿಡದವರು. ಹೆಂಡತಿಯ ಮುಂದೆ ಬಂದು ನಿಂತು ಏದುಸಿರು ಬಿಡುತ್ತಾರೆ.

“ಊಟಕ್ಕ ಬರಲಿಲ್ಲ ನೀ,” ಎನ್ನುತ್ತಾರೆ.

“ಹಾದಿ ಆಗಿಲ್ರಿ ಇನ್ನೂ.”

ಹನುಮಂತಪ್ಪ ಕಂಕುಳಲ್ಲಿದ್ದ ಬುತ್ತಿಯನ್ನು ಕಲ್ಲಿನ ಮೇಲಿಡುತ್ತಾರೆ. ಅಂಗಿಯ ತೋಳು ಮಡಚುತ್ತಾರೆ. “ಮಗ್ಗ ಬಿಟ್ಟು ಬಂದೀನಿ. ಎಲ್ಲಿಂದ ಕಡೀಬೇಕು ಹೇಳು.”

ಆ ಗಳಿಗೆಯ ಬಗ್ಗೆ ಕೇಳಿದರೆ ದ್ರಾಕ್ಷಾಯಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. “ಏಳು ವರ್ಷಾತ್ರಿ ನಾ ಗುಡ್ಡ ಹತ್ತಾಕ ಹತ್ತಿ. ಅವತ್ತ ಅವರು ಬಂದು ನಿಂತಿದ್ದು ನೋಡಿ, ಅಂಗೈಯಾಗ ಮುಳ್ಳ ನಟ್ಟಿದ್ದೂ ಗೊತ್ತಾಗಲಿಲ್ಲ. ಸಂಜಿಮುಂದ ಅವರs ಸೂಜಿ ತಗೊಂಡು ತಗದ್ರು.”

ಬಿಸಿಲು ಇಳಿಯುವ ಹೊತ್ತಿಗೆ ನಾಲ್ವರೂ ನೀಲಪ್ಪ ಹೇಳಿದ ಆಳೆತ್ತರದ ಕಲ್ಲಿನ ಮುಂದೆ ನಿಲ್ಲುತ್ತಾರೆ. ಕಾಲಿಡಲು ಜಾಗ ಇದೆ, ಕೈಗೆ ಆಸರೆ ಇಲ್ಲ. ದ್ರಾಕ್ಷಾಯಣಿ ಕಲ್ಲಿನ ಬುಡಕ್ಕೆ ಚಪ್ಪಟೆ ಕಲ್ಲುಗಳನ್ನು ಮೆಟ್ಟಿಲಿನಂತೆ ಪೇರಿಸುತ್ತಾರೆ. ಅಷ್ಟಾದರೂ ಕೈಯಿಂದ ಮೈ ಎಳೆದುಕೊಂಡು ಏರುವಷ್ಟು ಎತ್ತರ ಉಳಿಯುತ್ತದೆ. ಹನುಮಂತಪ್ಪ ಕಲ್ಲನ್ನು ಮುಟ್ಟಿ ನೋಡಿ, ಮೇಲೆ ನಿಂತ ಹಳೆಯ ಬೇವಿನ ಬೊಡ್ಡೆಯನ್ನು ನೋಡಿ, ಮನೆಗಿಳಿದು ಹೋಗುತ್ತಾರೆ. ಹೊತ್ತು ಮುಳುಗುವ ಮುಂಚೆ ಮರಳಿದಾಗ ಅವರ ಹೆಗಲ ಮೇಲೆ ಎರಡು ಬೆರಳು ದಪ್ಪದ ಹಗ್ಗ. ಸೀರೆ ಕೊಯ್ದ ಮೇಲೆ ಮಗ್ಗದಲ್ಲಿ ಉಳಿಯುವ ಎಳೆಗಳನ್ನು ವರ್ಷಗಟ್ಟಲೆ ಹುರಿ ಹೊಸೆದು ಇಟ್ಟಿದ್ದರಂತೆ. ಆ ಹುರಿಗಳನ್ನೆಲ್ಲ ಕೂಡಿಸಿ ಹೆಣೆದು ತಂದಿದ್ದಾರೆ. ಕೆಂಪು, ಹಸಿರು, ಹಳದಿ, ಎಲ್ಲ ಬಣ್ಣಗಳೂ ಅದರಲ್ಲಿವೆ.

ಬೊಡ್ಡೆಗೆ ಬಿಗಿದು, ಮೊದಲು ತಾವು ಜೋತುಬೀಳುತ್ತಾರೆ. ಆಮೇಲೆ ಇರ್ಫಾನ. ಆಮೇಲೆ ಇಬ್ಬರೂ ಕೂಡಿ. ಹಗ್ಗ ಮಿಸುಕುವುದಿಲ್ಲ.

“ಸೀರಿಗಿಂತ ಇದs ಚಲೋ ಬಂದೈತ್ರಿ ಅಪ್ಪಾರ,” ಎನ್ನುತ್ತಾರೆ ಇರ್ಫಾನ. ಹನುಮಂತಪ್ಪ ನಗುತ್ತಾರೆ. ಗಂಡ ಗುಡ್ಡದ ಮೇಲೆ ನಿಂತು ನಕ್ಕದ್ದನ್ನು ದ್ರಾಕ್ಷಾಯಣಿ ನೋಡುವುದು ಇದೇ ಮೊದಲು.

* * *

ಭಾನುವಾರ ಬೆಳಗ್ಗೆ ಓಣಿಯ ಹೆಂಗಸರು ಗುಡ್ಡದ ಬುಡದಲ್ಲಿ ಸೇರಿದಾಗ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಮಂಜು. ಒಬ್ಬರು ಮಗನ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದು ಸೀರೆಯ ನೆರಿಗೆಯಲ್ಲಿ ಅದನ್ನು ಮುಚ್ಚಿಕೊಳ್ಳಲು ನೋಡುತ್ತಿದ್ದಾರೆ. ಇನ್ನೊಬ್ಬರು ಮದುವೆಗೆ ಹೊರಟಂತೆ ಮುಡಿ ತುಂಬ ಸೇವಂತಿಗೆ ಮುಡಿದಿದ್ದಾರೆ. ಘಮಘಮ ಹೂವು ಜೇನನ್ನು ಕರೆದೀತೆಂದು ದ್ರಾಕ್ಷಾಯಣಿ ನಗುತ್ತಲೇ ಅದನ್ನು ತೆಗೆಸಿ, ಕೆಳಗಿನ ಬೇವಿನ ಟೊಂಗೆಗೆ ಸಿಕ್ಕಿಸುತ್ತಾರೆ. “ಬರೂಮುಂದ ಮುಡ್ಕೊಳ್ರಿ, ಇದನ್ನ ಯಾರೂ ಒಯ್ಯಂಗಿಲ್ಲ.” ಕಾಶಿಬಾಯಿಯ ಸವೆದ ಚಪ್ಪಲಿ ಬಿಚ್ಚಿಸಿ, ತಮ್ಮ ಬೂಟುಗಳನ್ನು ತೊಡಿಸಿ, ನೆಲಕ್ಕೆ ಕೂತು ತಾವೇ ಲಾಡಿ ಕಟ್ಟುತ್ತಾರೆ. ತಮಗೆ ಹಳೆಯದೊಂದು ಜೊತೆ ಇದೆ.

ನರಗುಂದದಿಂದ ಬಂದಿರುವ ಜಯಂತ ಎಲ್ಲರ ಹಿಂದೆ ನಡೆಯುತ್ತಾರೆ, ದ್ರಾಕ್ಷಾಯಣಿ ಮುಂದೆ. ಅವರ ಕೈಹಿಡಿದು ಕಾಶಿಬಾಯಿ. ಕಾಲು ಎಲ್ಲಿ ಬೀಳುತ್ತದೆಂದು ಅವರಿಗೆ ಕಾಣುವುದಿಲ್ಲ. “ಬಲಗಾಲ, ಸಣ್ಣ ಮೆಟ್ಟ. ಈಗ ಸಪಾಟ. ಈಗ ಎಡಗಾಲ ಎತ್ತಿ ಇಡ್ರಿ ಅವ್ವಾರ,” ಎಂದು ದ್ರಾಕ್ಷಾಯಣಿ ಹಾದಿಯುದ್ದಕ್ಕೂ ಮೆಲುದನಿಯಲ್ಲಿ ಹೇಳುತ್ತ ಹೋಗುತ್ತಾರೆ. ನಿನ್ನೆ ಮುಳ್ಳು ಕಡಿದು ತೆರೆದ ಹಾದಿಯ ಅಂಚಿನ ಕಲ್ಲುಗಳಿಗೆ ಸುಣ್ಣದ ಬೊಟ್ಟು ಇಟ್ಟಿದ್ದಾರೆ. ಮಂಜಿನಲ್ಲಿ ಅವು ಒಂದೊಂದಾಗಿ ಕಾಣಿಸುತ್ತವೆ.

ಆಳೆತ್ತರದ ಕಲ್ಲಿನ ಮುಂದೆ ಕಾಶಿಬಾಯಿ ನಿಂತುಬಿಡುತ್ತಾರೆ. ಕೈಯಿಂದ ತಡವಿ ಅದರ ಎತ್ತರ ತಿಳಿದುಕೊಂಡು, “ನೀವು ಹೋಗ್ರಿ. ನಾ ಇಲ್ಲೇ ಕುಂಡ್ರತೀನಿ. ಇಷ್ಟ ಬಂದಿದ್ದs ಭಾಳಾತು,” ಎನ್ನುತ್ತಾರೆ. ಎಳೆದುಕೊಂಡು ಹೋಗುವುದು ದ್ರಾಕ್ಷಾಯಣಿಯ ರೀತಿಯಲ್ಲ. ಅವರೂ ಪಕ್ಕದಲ್ಲಿ ಕೂರುತ್ತಾರೆ. ಬೆಲ್ಲ, ಶೇಂಗಾ ಬಿಚ್ಚಿ ಎಲ್ಲರಿಗೂ ಹಂಚುತ್ತಾರೆ.

“ಪಟ್ಟೇದಂಚ ಕಲಿಯೂಮುಂದ ನಾ ಅಳತಿದ್ದೆ, ನೆನಪೈತ್ರಿ?” ಎಂದು ಕೇಳುತ್ತಾರೆ. “ಇಡೀ ಸೀರಿ ಹ್ಯಾಂಗ ಮುಗಸಲಿ ಅಂದ್ರ ನೀವು ಏನ ಅಂದಿದ್ರಿ?”

ಕಾಶಿಬಾಯಿ ಶೇಂಗಾ ಅಗಿಯುತ್ತ ಯೋಚಿಸುತ್ತಾರೆ. “ಸೀರಿ ನೋಡಬ್ಯಾಡ, ಕೈಯಾಗಿನ ಎಳಿ ನೋಡು ಅಂದಿದ್ದೆ.”

“ಈಗ ನಾ ಹೇಳ್ತೀನಿ. ಗುಡ್ಡ ನೋಡಬ್ಯಾಡ್ರಿ, ಕೈಯಾಗಿನ ಹಗ್ಗ ನೋಡ್ರಿ.”

ಹಗ್ಗವನ್ನು ಅಂಗೈಗೆ ಕೊಟ್ಟಾಗ ಕಾಶಿಬಾಯಿ ಅದನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡುತ್ತಾರೆ. “ರೇಷ್ಮಿ ಎಳಿನೂ ಕೂಡಿಸ್ಯಾನಲ್ಲ ಹನಮಂತ! ಹುಚ್ಚ ಅದಾನೇನು?” ಎಂದು ಬೈಯುತ್ತಲೇ ಎದ್ದು ನಿಲ್ಲುತ್ತಾರೆ. ಕೆಳಗಿನಿಂದ ಇಬ್ಬರು ಹೆಂಗಸರು ಬೆನ್ನಿಗೆ ಕೈಕೊಡುತ್ತಾರೆ, ಮೇಲಿನಿಂದ ದ್ರಾಕ್ಷಾಯಣಿ ತೋಳು ಹಿಡಿಯುತ್ತಾರೆ. ಒಂದು ಸಲ ಕಾಲು ಜಾರುತ್ತದೆ. ಹಗ್ಗ ಹಿಡಿದ ಮುದುಕಿಯ ಕೈ ಮಾತ್ರ ಸಡಿಲುವುದಿಲ್ಲ. ಐವತ್ತು ವರ್ಷ ಮಗ್ಗ ಎಳೆದ ಕೈ. ಎರಡನೆಯ ಸಲಕ್ಕೆ ಮೇಲೆ ಬಂದು, ಮಂಡಿಯೂರಿ ಕೂತು, ಬಾಯ್ತುಂಬ ನಗುತ್ತಾರೆ.

ನೆತ್ತಿಗೆ ಮುಟ್ಟಿದಾಗ ಮಂಜು ಇನ್ನೂ ಸರಿದಿಲ್ಲ. ಊರು ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಹತ್ತಿರದಲ್ಲೇ ಎಲ್ಲೋ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನಿನ ರೆಕ್ಕೆ ತಿರುಗುವ ಸದ್ದು ಮಾತ್ರ ಕೇಳುತ್ತದೆ. ಜಯಂತ ಚಿಂತೆಯಿಂದ ಆಕಾಶ ನೋಡುತ್ತಾರೆ. “ಕಾಯೂಣ್ರಿ. ಗಾಳಿ ಮೂಡಲಕ್ಕ ತಿರಿಗೇತಿ,” ಎನ್ನುತ್ತಾರೆ ದ್ರಾಕ್ಷಾಯಣಿ. ಹಾಗೆಂದವರ ದನಿಯಲ್ಲೂ ಪೂರ್ತಿ ಭರವಸೆ ಇಲ್ಲ. ಆಮೇಲೆ ಕೇಳಿದರೆ ಒಪ್ಪಿಕೊಳ್ಳುತ್ತಾರೆ: “ಹಾದಿ ಮಾಡಬಹುದು, ಮಂಜ ಸರಸಾಕ ಆಗತೈತೇನ್ರಿ?”

ಹೆಂಗಸರು ಗುಂಪಾಗಿ ಕೂತು, ಒಬ್ಬರ ಶಾಲಿನಲ್ಲಿ ಇಬ್ಬರು ಸೇರಿಕೊಂಡು, ಮನೆಮಾತು ಆಡುತ್ತ ಕಾಯುತ್ತಾರೆ. ಮೊದಲು ದೂರದ ಎರಿಹೊಲಗಳ ಕಪ್ಪು ತೇಪೆಗಳು ಕಾಣುತ್ತವೆ. ಆಮೇಲೆ ನರೇಗಲ್ಲಿನ ಕಡೆ ಹೋಗುವ ರಸ್ತೆ. ಆಮೇಲೆ ಒಂದೊಂದೇ ತಾರಸಿ, ನೀರಿನ ಟಾಕಿ, ಬಸ್ ನಿಲ್ದಾಣ. ಹೆಂಗಸರೆಲ್ಲ ಎದ್ದು ಅಂಚಿಗೆ ಬರುತ್ತಾರೆ. “ಅಯ್ಯ, ಅದು ನಮ್ಮ ಓಣಿ ಹೌದಿಲ್ಲs!” ಎಂದು ಒಬ್ಬರು ಕೂಗುತ್ತಾರೆ. ನನ್ನ ಮನೆ, ನಿನ್ನ ಮನೆ ಎಂದು ಬೆರಳು ತೋರಿಸುವ ಗದ್ದಲ.

ಕಾಶಿಬಾಯಿ ಮಾತ್ರ ಹುಡುಕುತ್ತಲೇ ಇದ್ದಾರೆ. ಅವರ ನೋಟದ ಸಣ್ಣ ಕಿಂಡಿಯಲ್ಲಿ ಅಷ್ಟು ದೊಡ್ಡ ಊರು ಹಿಡಿಯುತ್ತಿಲ್ಲ. “ಬರೇ ಮಬ್ಬ ಕಾಣತೈತಿ. ಎಲ್ಲೈತಿ?” ಎನ್ನುತ್ತಾರೆ, ದನಿ ಕುಗ್ಗಿಸಿ.

ದ್ರಾಕ್ಷಾಯಣಿ ಅವರ ಹಿಂದೆ ನಿಂತು, ಎರಡು ಕೈಗಳಿಂದ ಅವರ ಮುಖವನ್ನು ಹಿಡಿದು, ಮೆಲ್ಲಗೆ ತಿರುಗಿಸುತ್ತಾರೆ. “ಸ್ವಲ್ಪ ಕೆಳಗ. ಇನ್ನೂ ಸ್ವಲ್ಪ ಬಲಕ್ಕ. ಕೆಂಪು ಕಾಣತೈತೇನ್ರಿ?”

ಕೆಳಗೆ ಬೂದಿಬಣ್ಣದ ತಾರಸಿಗಳ ನಡುವೆ ಒಂದರ ಮೇಲೆ ಕೆಂಪು ಸೀರೆಯೊಂದನ್ನು ಉದ್ದಕ್ಕೆ ಹಾಸಲಾಗಿದೆ. ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲು. ಪಕ್ಕದಲ್ಲಿ ಇರುವೆಯಷ್ಟು ಕಾಣುವ ಹೆಣ್ಣುಮಗಳೊಬ್ಬರು ಎರಡೂ ಕೈಯೆತ್ತಿ ಬೀಸುತ್ತಿದ್ದಾರೆ. ಅದು ಕಾಶಿಬಾಯಿಯ ಸೊಸೆ ಮಧುಮತಿ. ಬೆಳಗ್ಗೆ ಮನೆಯಿಂದ ಹೊರಡುವಾಗ, ಬಿಸಿಲು ಬಿದ್ದೊಡನೆ ಅತ್ತೆ ನೇಯ್ದ ಕೆಂಪು ಸೀರೆಯನ್ನು ತಾರಸಿಯ ಮೇಲೆ ಹಾಸಬೇಕು ಎಂದು ದ್ರಾಕ್ಷಾಯಣಿ ಅವರಿಗೆ ಹೇಳಿ ಬಂದಿದ್ದರು. ಬೇರೆ ಯಾರಿಗೂ ತಿಳಿಸಿರಲಿಲ್ಲ.

ಕಾಶಿಬಾಯಿ ಕಣ್ಣು ಕಿರಿದು ಮಾಡಿ ಆ ಕೆಂಪನ್ನು ಹಿಡಿಯುತ್ತಾರೆ. ಕೊನೆಗೆ, “ಇಷ್ಟ ಸಣ್ಣದೇನs ನನ್ನ ಮನಿ?” ಎನ್ನುತ್ತಾರೆ. “ಐವತ್ತು ವರ್ಷ ಇದರಾಗ ನಾ ಹ್ಯಾಂಗ ಹಿಡಿಸಿದ್ನೆ?” ನಗಲು ಹೋಗಿ ಕಣ್ಣು ಒರೆಸಿಕೊಳ್ಳುತ್ತಾರೆ. ಒರೆಸಿಕೊಂಡು ಮತ್ತೆ ನೋಡುತ್ತಾರೆ. ಇಳಿಯೋಣವೇ ಎಂದು ಯಾರೂ ಅವರನ್ನು ಕೇಳುವುದಿಲ್ಲ. ಬಿಸಿಲೇರಿ, ಸಾಕು ಎಂದು ಅವರೇ ತಿರುಗುವವರೆಗೆ ದ್ರಾಕ್ಷಾಯಣಿ ಅವರ ಭುಜ ಹಿಡಿದು ನಿಂತೇ ಇರುತ್ತಾರೆ.

* * *

ಕಾಶಿಬಾಯಿ ಆ ವಾರವೇ ಸೊಲ್ಲಾಪುರಕ್ಕೆ ಹೋದರು. ಅಲ್ಲಿ ಬಂದವರಿಗೆಲ್ಲ ಗುಡ್ಡ ಹತ್ತಿದ ಕಥೆ ಹೇಳಿ ದಣಿಸುತ್ತಿದ್ದಾರೆಂದು ಮಧುಮತಿ ಹೇಳುತ್ತಾರೆ. ಕಣ್ಣು ಸದ್ಯಕ್ಕೆ ಇದ್ದಷ್ಟೇ ಇದೆಯಂತೆ.

ಗುಡ್ಡದಕ್ಕನ ದಿನಗಳು ಬದಲಾಗಿಲ್ಲ. ವಾರದ ಐದು ದಿನ ಮಗ್ಗ, ಶನಿವಾರ ಹಾದಿ, ಭಾನುವಾರ ಜನ. ಚಳಿಗೆ ಎಡಗಾಲು ಈಗಲೂ ಆಗಾಗ ಜೋಮು ಹಿಡಿಯುತ್ತದೆ. ಹೊರಗಿನಿಂದ ಬಂದವರು ಗುಡ್ಡದ, ಸೂರ್ಯೋದಯದ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅವುಗಳಲ್ಲಿ ದ್ರಾಕ್ಷಾಯಣಿ ಇರುವುದು ಕಡಿಮೆ. ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ. ಜನ ಬಿಟ್ಟುಹೋದ ಬಿಸ್ಕೀಟಿನ ಕಾಗದ ಆರಿಸಲು ಸೋಮವಾರ ಮಗ್ಗಕ್ಕೆ ಕೂರುವ ಮುಂಚೆ ಮತ್ತೊಮ್ಮೆ ಹತ್ತಬೇಕಾಗುತ್ತದಲ್ಲ, ಅದರ ಬಗ್ಗೆ ಇದೆ. ಹೆಜ್ಜೇನು ಹಳೆಯ ಹಾದಿಯ ಬಂಡೆಯಲ್ಲಿ ಹಾಯಾಗಿದೆ. ಅದನ್ನು ಹೊಗೆ ಹಾಕಿ ಎಬ್ಬಿಸೋಣವೇ ಎಂದವರಿಗೆ, “ಅವು ನಮ್ಮ ಮನಿಗೆ ಬಂದು ಎಬಿಸ್ಯಾವೇನ್ರಿ?” ಎಂದು ಕೇಳಿದ್ದಾರೆ. ನಡಿಗೆ ಈಗ ಕುರಿಹಾದಿಯಲ್ಲೇ ಸಾಗುತ್ತದೆ. ಶನಿವಾರ ಒಬ್ಬರಿದ್ದ ಕಡೆ ಈಗ ಇಬ್ಬರು ಇರುತ್ತಾರೆ. ಹನುಮಂತಪ್ಪ ಹೆಚ್ಚು ಮಾತಾಡುವುದಿಲ್ಲ, ಆದರೆ ಮುಳ್ಳು ಎಲ್ಲಿ ಚಿಗುರಿದೆ ಎಂದು ಹೆಂಡತಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡುವವರಿಗೆ ಏನಾದರೂ ಆಸೆ ಇರಬೇಕಲ್ಲ? ಮೇಲೊಂದು ನೆರಳು, ನಡುದಾರಿಯಲ್ಲೊಂದು ಕುಡಿಯುವ ನೀರಿನ ವ್ಯವಸ್ಥೆ, ಯಾರಾದರೂ ಕರೆದು ಹೊದಿಸುವ ಒಂದು ಶಾಲು? ದ್ರಾಕ್ಷಾಯಣಿ ಲಾಳಿ ನಿಲ್ಲಿಸಿ ಯೋಚಿಸುತ್ತಾರೆ.

“ಶಾಲ ಯಾಕ್ರಿ, ನಾವs ನೇಯೋರು,” ಎಂದು ನಕ್ಕು, ಆಮೇಲೆ ಸಣ್ಣ ದನಿಯಲ್ಲಿ ಸೇರಿಸುತ್ತಾರೆ: “ನಮ್ಮ ಓಣ್ಯಾಗ ಮ್ಯಾಲ ಬರದ ಹೆಣ್ಮಕ್ಳು ಇನ್ನೂ ಭಾಳ ಮಂದಿ ಅದಾರ್ರಿ. ತಮ್ಮ ಮನಿ ಮ್ಯಾಲಿಂದ ಹ್ಯಾಂಗ ಕಾಣತೈತಿ ಅಂತ ಅವರೆಲ್ಲಾ ಒಮ್ಮೆ ನೋಡಬೇಕು. ಅಲ್ಲೀತನಕ ನನ್ನ ಮೊಣಕಾಲ ತಡದ್ರ ಸಾಕು.”